ಗುಲಾಬಿ ಹಿಡಿದ ಕೈಗೆ ಮಾತೂ ಬೇಕು

ಕೈಯಲ್ಲಿ ಒಂದೊಂದು ಗುಲಾಬಿ ಹಿಡಿದ ಶಾಲಾ ಮಕ್ಕಳ ಸಾಲು ಬಸ್ ನಿಲ್ದಾಣದ ಪಕ್ಕದ ಬೀಡಾ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಮುಂದಿದ್ದ ಹುಡುಗಿ ಅಂಗಡಿಯಾತನಿಗೆ ಒಂದು ಹೂವು ಕೊಡುತ್ತಾಳೆ. ಮಗ್ಗುಲಲ್ಲಿ ಹೊಗೆ ಬಿಡುತ್ತ ನಿಂತಿದ್ದ ನಡುವಯಸ್ಸಿನವರೊಬ್ಬರಿಗೆ ಇನ್ನೊಂದು. ಅವರು ಎಡಗೈಯ ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡಿ, ಬಲಗೈಯಲ್ಲಿ ಹೂವು ತೆಗೆದುಕೊಂಡು ಮುಜುಗರದಿಂದ ನಗುತ್ತಾರೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ‘ಗುಲಾಬಿ ಆಂದೋಲನ’ ಎಂಬ ಹೆಸರಿನಲ್ಲಿ ನಡೆಯುವ ಜಾಥಾದ ನೋಟ ಇದು. ವರದಿ ಮಾಡಲು ಹೋದವರಿಗೆ ಒಳ್ಳೆಯ ಫೋಟೊ ಸಿಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿಯೂ ಆಗುತ್ತದೆ.

ಇಂಥದೊಂದು ಸುದ್ದಿ ಬರೆದು ಕೊಟ್ಟ ದಿನ ನನ್ನಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತು. ಮಕ್ಕಳು ಕೂಗಿದ ಘೋಷಣೆಗಳೆಲ್ಲ ದೊಡ್ಡವರು ಬರೆದುಕೊಟ್ಟವು. ಬ್ಯಾನರ್ ಇಲಾಖೆಯದು, ಸಾಲು ನಿಲ್ಲಿಸಿದವರು ಮೇಷ್ಟ್ರು. ಹಾಗಾದರೆ ಇದರಲ್ಲಿ ಮಕ್ಕಳದೇ ಆದದ್ದು ಏನು? ಮೆರವಣಿಗೆಯ ಮುಂದೆ ನಡೆದ ಮಾತ್ರಕ್ಕೆ ಅದು ಮುಂದಾಳತ್ವ ಆಗುತ್ತದೆಯೇ? ತಂಬಾಕಿನ ವಿರುದ್ಧದ ಹೋರಾಟದಲ್ಲಿ ಮಕ್ಕಳೇ ಚುಕ್ಕಾಣಿ ಹಿಡಿದ ನಿದರ್ಶನ ಎಲ್ಲಾದರೂ ಇದೆಯೇ?

ಇದೆ. ಅದು ನಡೆದದ್ದು ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ, 1998ರಲ್ಲಿ. ಆದರೆ ಆ ಕತೆಯ ಬೆಲೆ ತಿಳಿಯಬೇಕಾದರೆ ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಪ್ರತಿಜ್ಞೆಗಳ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಸಿಗರೇಟನ್ನು ಕೈಯಲ್ಲೇ ಸುತ್ತುತ್ತಿದ್ದರು. 1881ರಲ್ಲಿ ಅಮೆರಿಕದ ಜೇಮ್ಸ್ ಬಾನ್ಸ್ಯಾಕ್ ಎಂಬ ಯುವಕ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬೆಲೆ ಇಳಿಯಿತು, ಮಾಲು ಹೆಚ್ಚಿತು. ಅಲ್ಲಿಯವರೆಗೆ ಚುಟ್ಟಾ, ಪೈಪುಗಳ ರೂಪದಲ್ಲಿ ದೊಡ್ಡವರ ಕೈಯಲ್ಲಿದ್ದ ಹೊಗೆ ಶಾಲಾ ಹುಡುಗರ ಜೇಬಿಗೂ ಇಳಿಯಿತು.

ಇದನ್ನು ಕಂಡು ಕೆರಳಿದವರಲ್ಲಿ ಶಿಕ್ಷಕಿಯಾಗಿದ್ದ ಲೂಸಿ ಪೇಜ್ ಗ್ಯಾಸ್ಟನ್ ಒಬ್ಬರು. 1899ರಲ್ಲಿ ಆಕೆ ಷಿಕಾಗೊದಲ್ಲಿ ಸಿಗರೇಟು ವಿರೋಧಿ ಸಂಘ ಕಟ್ಟಿದರು. ಮಕ್ಕಳಿಂದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿಸಿ ಎದೆಗೊಂದು ಬಿಲ್ಲೆ ಸಿಕ್ಕಿಸುವುದು ಆ ಸಂಘದ ಕ್ರಮ. ಬ್ರಿಟನ್ 1908ರಲ್ಲಿ ಕಾಯ್ದೆ ಮಾಡಿ, ಹದಿನಾರು ತುಂಬದವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು. ಅಮೆರಿಕದ ಹಲವು ರಾಜ್ಯಗಳು ಸಿಗರೇಟು ಮಾರಾಟವನ್ನೇ ನಿಲ್ಲಿಸಿದವು. ಆದರೆ ಮೊದಲ ಮಹಾಯುದ್ಧದಲ್ಲಿ ಸೈನಿಕರ ಪಡಿತರದ ಜತೆಗೇ ಸಿಗರೇಟು ಹೋಯಿತು. ಹುಡುಗರಾಗಿ ಹೋದವರು ಧೂಮಪಾನಿಗಳಾಗಿ ಮರಳಿದರು. 1927ರ ಹೊತ್ತಿಗೆ ಆ ಎಲ್ಲ ರಾಜ್ಯಗಳ ನಿಷೇಧಗಳೂ ರದ್ದಾಗಿದ್ದವು. ದೊಡ್ಡವರು ಹೇಳಿಸಿದ ಪ್ರತಿಜ್ಞೆ ಅದೇ ದೊಡ್ಡವರು ಹೂಡಿದ ಯುದ್ಧದ ಮುಂದೆ ನಿಲ್ಲಲಿಲ್ಲ.

ನಮ್ಮ ದೇಶದಲ್ಲಿ ಅದೇ ಕಾಲಕ್ಕೆ ಬೇರೊಂದು ಬಗೆಯ ಪ್ರಯೋಗ ನಡೆಯಿತು. 1905ರಲ್ಲಿ ಬಂಗಾಳ ವಿಭಜನೆಯಾದಾಗ ಸ್ವದೇಶಿ ಚಳವಳಿಯ ವಿದ್ಯಾರ್ಥಿಗಳು ವಿದೇಶಿ ಬಟ್ಟೆ, ಉಪ್ಪಿನ ಜತೆಗೆ ವಿದೇಶಿ ಸಿಗರೇಟನ್ನೂ ಬಹಿಷ್ಕರಿಸಿದರು. ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡಿದರು. ಅಲ್ಲಿ ಯಾರೂ ಅವರಿಗೆ ಪ್ರತಿಜ್ಞಾಪತ್ರ ಕೊಟ್ಟು ಸಹಿ ಕೇಳಬೇಕಾಗಿರಲಿಲ್ಲ. ಆದರೆ ಅವರ ಸಿಟ್ಟು ಇದ್ದದ್ದು ಬ್ರಿಟಿಷರ ಮೇಲೆಯೇ ಹೊರತು ತಂಬಾಕಿನ ಮೇಲಲ್ಲ. ಸಿಗರೇಟು ಬಿಟ್ಟ ಕೈಗೆ ಸ್ವದೇಶಿ ಬೀಡಿ ಬಂತು. ಹಾಗಿದ್ದರೂ ಒಂದು ಸಂಗತಿ ಸ್ಪಷ್ಟವಾಗಿತ್ತು: ಹರೆಯದವರು ಉಪದೇಶಕ್ಕೆ ಬಗ್ಗದಿದ್ದರೂ ತಮಗೆ ಮೋಸವಾಗುತ್ತಿದೆ ಎಂದು ತಿಳಿದರೆ ಎದ್ದು ನಿಲ್ಲುತ್ತಾರೆ. ಈ ಪಾಠ ತಂಬಾಕಿಗೂ ಅನ್ವಯಿಸುತ್ತದೆ ಎಂದು ಜಗತ್ತಿಗೆ ಅರಿವಾಗಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು.

ಬಯಲಾದ ಕಡತಗಳು

1990ರ ದಶಕದಲ್ಲಿ ಅಮೆರಿಕದ ತಂಬಾಕು ಕಂಪನಿಗಳಿಗೆ ಗ್ರಹಚಾರ ಕೆಟ್ಟಿತ್ತು. 1994ರ ಏಪ್ರಿಲ್‌ನಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವ ವಸ್ತು ಎಂದು ತಾವು ನಂಬುವುದಿಲ್ಲ ಎಂದು ಹೇಳಿದರು. ಆದರೆ ಅವೇ ಕಂಪನಿಗಳ ಒಳಗಿನ ಕಡತಗಳು ಒಂದೊಂದಾಗಿ ಹೊರಬರತೊಡಗಿದವು. ಇಂದಿನ ಹದಿಹರೆಯದವರೇ ನಾಳಿನ ಖಾಯಂ ಗಿರಾಕಿಗಳಾಗಬಲ್ಲವರು ಎಂಬರ್ಥದ ಮಾತು ಫಿಲಿಪ್ ಮಾರಿಸ್ ಕಂಪನಿಯ 1981ರ ಆಂತರಿಕ ವರದಿಯಲ್ಲೇ ಇತ್ತು.

ಇದರಲ್ಲಿ ಒಂದು ಕ್ರೂರ ವ್ಯಾಪಾರಿ ತರ್ಕವಿದೆ. ತಂಬಾಕು ತನ್ನ ಗಿರಾಕಿಗಳನ್ನು ತಾನೇ ಕೊಲ್ಲುತ್ತದೆ. ಸತ್ತವರ, ಬಿಟ್ಟವರ ಜಾಗಕ್ಕೆ ಹೊಸಬರು ಬಾರದಿದ್ದರೆ ವ್ಯಾಪಾರ ನಿಲ್ಲುತ್ತದೆ. ಮೂವತ್ತು ವರ್ಷ ತುಂಬಿದ ಮೇಲೆ ಸಿಗರೇಟು ಕಲಿಯುವವರು ತೀರ ಕಡಿಮೆ. ಅಮೆರಿಕದಲ್ಲಿ ದಿನಾ ಸೇದುವ ಹತ್ತು ಮಂದಿ ವಯಸ್ಕರಲ್ಲಿ ಸುಮಾರು ಒಂಬತ್ತು ಮಂದಿ ಮೊದಲ ಸಿಗರೇಟು ಹಚ್ಚಿದ್ದು ಹದಿನೆಂಟು ತುಂಬುವ ಒಳಗೆ. ಕ್ಯಾಮೆಲ್ ಸಿಗರೇಟಿನ ಜಾಹೀರಾತಿನಲ್ಲಿ 1988ರಿಂದ ಕಾಣಿಸಿಕೊಂಡ ‘ಜೋ ಕ್ಯಾಮೆಲ್’ ಎಂಬ ಕಾರ್ಟೂನ್ ಒಂಟೆಯನ್ನು ಆರು ವರ್ಷದ ಮಕ್ಕಳು ಮಿಕಿ ಮೌಸ್‌ನಷ್ಟೇ ಸಲೀಸಾಗಿ ಗುರುತಿಸುತ್ತಾರೆ ಎಂದು 1991ರ ಅಧ್ಯಯನವೊಂದು ತೋರಿಸಿತು. ಅಂತೂ 1997ರಲ್ಲಿ ಆ ಒಂಟೆಯನ್ನು ಕಂಪನಿ ಹಿಂತೆಗೆಯಿತು.

ಅದೇ 1997ರ ಆಗಸ್ಟ್‌ನಲ್ಲಿ ಫ್ಲೋರಿಡಾ ಸರ್ಕಾರಕ್ಕೂ ತಂಬಾಕು ಕಂಪನಿಗಳಿಗೂ ರಾಜಿಯಾಯಿತು. ತಂಬಾಕಿನಿಂದ ಕಾಯಿಲೆ ಬಿದ್ದ ಬಡವರ ಚಿಕಿತ್ಸೆಗೆ ತಾನು ಮಾಡಿದ ಖರ್ಚನ್ನು ಕಂಪನಿಗಳೇ ಕೊಡಬೇಕೆಂದು ರಾಜ್ಯ ಹೂಡಿದ್ದ ಮೊಕದ್ದಮೆ ಅದು. ಕಂಪನಿಗಳು 25 ವರ್ಷಗಳಲ್ಲಿ 1,130 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದರಲ್ಲಿ 20 ಕೋಟಿ ಡಾಲರ್, ಮಕ್ಕಳು ತಂಬಾಕಿಗೆ ಬೀಳದಂತೆ ತಡೆಯುವ ಎರಡು ವರ್ಷದ ಪ್ರಯೋಗಕ್ಕೆ ಮೀಸಲು. ಹಣವೇನೋ ಬಂತು. ಅದನ್ನು ಖರ್ಚು ಮಾಡುವುದು ಹೇಗೆ?

ಆರು ನೂರು ಮಕ್ಕಳ ಸಭೆ

ಆಗ ಗವರ್ನರ್ ಆಗಿದ್ದವರು ಲಾಟನ್ ಚೈಲ್ಸ್. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು. ಅವರ ಸರ್ಕಾರ 1998ರ ಮಾರ್ಚ್‌ನಲ್ಲಿ ರಾಜ್ಯದ ಮೂಲೆ ಮೂಲೆಯಿಂದ ಸುಮಾರು ಆರು ನೂರು ಹದಿಹರೆಯದವರನ್ನು ಕರೆಸಿ ತಂಬಾಕು ಕುರಿತ ಸಮ್ಮೇಳನ ನಡೆಸಿತು. ಭಾಷಣ ಕೇಳಿಸುವುದಕ್ಕಲ್ಲ, ಅವರಿಂದ ಕೇಳಿಸಿಕೊಳ್ಳುವುದಕ್ಕೆ.

ಹುಡುಗರು ಹೇಳಿದ ಮಾತಿನ ಸಾರ ದೊಡ್ಡವರಿಗೆ ಅಷ್ಟೇನೂ ಹಿತವಾಗಿರಲಿಲ್ಲ. ಸಿಗರೇಟು ಕೊಲ್ಲುತ್ತದೆ ಎಂಬುದು ನಮಗೆ ಗೊತ್ತು, ಸೇದುವವರಿಗೂ ಗೊತ್ತು, ಅದನ್ನೇ ಮತ್ತೆ ಮತ್ತೆ ಹೇಳಬೇಡಿ. ಬೇಡ ಎಂದಷ್ಟೂ ಅದಕ್ಕೆ ಕಳೆ ಏರುತ್ತದೆ. ಹದಿನೈದರ ಹುಡುಗ ಸಿಗರೇಟು ಹಚ್ಚುವುದು ಅದು ಕ್ಷೇಮ ಎಂದಲ್ಲ, ಅದು ಅಪಾಯ ಎಂತಲೇ. ದೊಡ್ಡವರ ಮಾತನ್ನು ಮೀರಿದೆ ಎಂದು ತೋರಿಸಲು ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಆ ಬಂಡಾಯದ ಹಂಬಲವನ್ನೇ ಕಂಪನಿಗಳು ಡಬ್ಬಿಯಲ್ಲಿ ತುಂಬಿ ಮಾರುತ್ತಿವೆ. ನಮಗೆ ಉಪದೇಶ ಬೇಡ, ಈ ಕಂಪನಿಗಳು ಏನು ಮಾಡಿದವು ಎಂಬ ಸತ್ಯ ಕೊಡಿ. ಏನು ಮಾಡಬೇಕೆಂದು ನಾವು ನೋಡಿಕೊಳ್ಳುತ್ತೇವೆ.

ಹೀಗೆ ಹುಟ್ಟಿದ್ದು ‘ಟ್ರೂತ್’, ಅಂದರೆ ‘ಸತ್ಯ’ ಎಂಬ ಪ್ರಚಾರಾಂದೋಲನ. ಅದರ ಜತೆಗೇ ‘ತಂಬಾಕಿನ ವಿರುದ್ಧ ದುಡಿಯುವ ವಿದ್ಯಾರ್ಥಿಗಳು’ ಎಂಬ ಸಂಘಟನೆಯೂ ಹುಟ್ಟಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಸ್ವಾಟ್’ ಎಂದು ಕರೆದರು. ಅಲ್ಲಿನ ಪೊಲೀಸರ ವಿಶೇಷ ಕಾರ್ಯಾಚರಣೆ ಪಡೆಗೂ ಅದೇ ಹೆಸರು. ಹುಡುಗರಿಗೆ ಅದೂ ಒಂದು ಗಮ್ಮತ್ತು. ಫ್ಲೋರಿಡಾದ 67 ಕೌಂಟಿಗಳಲ್ಲೂ ಅದರ ಘಟಕಗಳು ತಲೆ ಎತ್ತಿದವು.

ಸಿಟ್ಟಿಗೊಂದು ದಿಕ್ಕು

ಈ ಆಂದೋಲನದ ಜಾಹೀರಾತುಗಳಲ್ಲಿ ಕಪ್ಪು ಹಿಡಿದ ಶ್ವಾಸಕೋಶದ ಚಿತ್ರವಾಗಲಿ ಬಿಳಿಯ ಕೋಟು ತೊಟ್ಟ ವೈದ್ಯರಾಗಲಿ ಮುಖ್ಯವಾಗಿರಲಿಲ್ಲ. ಹುಡುಗರು ನೇರವಾಗಿ ತಂಬಾಕು ಕಂಪನಿಗಳಿಗೆ, ಜಾಹೀರಾತು ಸಂಸ್ಥೆಗಳಿಗೆ ಫೋನ್ ಮಾಡಿ ಪ್ರಶ್ನೆ ಕೇಳುತ್ತಿದ್ದರು. ಆ ಕಡೆಯವರು ತಡವರಿಸುವುದೇ ಜಾಹೀರಾತು. ಇನ್ನೊಂದರಲ್ಲಿ ನರಕದಲ್ಲೊಂದು ಪ್ರಶಸ್ತಿ ಸಮಾರಂಭ. ಅತಿ ಹೆಚ್ಚು ಜನರನ್ನು ಕೊಂದವರಿಗೆ ಕೊಡುವ ಬಹುಮಾನ ತಂಬಾಕು ಕಂಪನಿಯ ಅಧಿಕಾರಿಯ ಪಾಲಾಗುತ್ತದೆ. 1998ರ ಬೇಸಿಗೆಯಲ್ಲಿ ‘ಟ್ರೂತ್’ ಹೆಸರಿನ ರೈಲೊಂದು ರಾಜ್ಯದುದ್ದಕ್ಕೂ ಸಂಚರಿಸಿ, ಊರೂರಿನಲ್ಲಿ ನಿಂತು ಹೊಸ ಹುಡುಗರನ್ನು ಸೇರಿಸಿಕೊಂಡಿತು.

ಇಲ್ಲಿ ನಡೆದದ್ದು ಒಂದು ಸರಳ ತಿರುವು. ಅದುವರೆಗೆ ಸಿಗರೇಟು ಸೇದುವುದೇ ಬಂಡಾಯ ಎನಿಸಿಕೊಂಡಿತ್ತು. ಈಗ ಸೇದುವುದು ಎಂದರೆ ಕಂಪನಿಯ ಮಾತು ಕೇಳಿದಂತೆ, ಸೇದದೆ ಇರುವುದೇ ಬಂಡಾಯ ಎಂದಾಯಿತು. ಸೇದುವ ಗೆಳೆಯನನ್ನು ಹೀಗಳೆಯದೆ, ಅವನನ್ನು ಬಲೆಗೆ ಕೆಡವಿದವರ ಕಡೆ ಬೆರಳು ತೋರಿಸಿದ್ದರಿಂದ ಅವನೂ ಕಿವಿಗೊಟ್ಟ.

ಫಲ ಏನಾಯಿತು? 1998ರಿಂದ 2000ದ ನಡುವೆ, ಎಂದರೆ ಬರೀ ಎರಡು ವರ್ಷದಲ್ಲಿ, ಫ್ಲೋರಿಡಾದ ಮಾಧ್ಯಮಿಕ ಶಾಲೆಗಳಲ್ಲಿ ಸಿಗರೇಟು ಸೇದುವ ಮಕ್ಕಳ ಪ್ರಮಾಣ ಶೇ 18.5ರಿಂದ ಶೇ 11.1ಕ್ಕೆ ಇಳಿಯಿತು. ಪ್ರೌಢಶಾಲೆಗಳಲ್ಲಿ ಶೇ 27.4 ಇದ್ದದ್ದು ಶೇ 22.6ಕ್ಕೆ ಬಂತು. ಚಿಕ್ಕ ಮಕ್ಕಳಲ್ಲಿ ಇಳಿಕೆ ಹೆಚ್ಚು ಎಂಬುದು ಗಮನಿಸಬೇಕಾದ ಅಂಶ. ಚಟ ಅಂಟಿದ ಮೇಲೆ ಬಿಡಿಸುವುದಕ್ಕಿಂತ ಅಂಟುವ ಮೊದಲೇ ತಡೆಯುವುದು ಸುಲಭ.

1998ರ ನವೆಂಬರ್‌ನಲ್ಲಿ 46 ರಾಜ್ಯಗಳು ಕಂಪನಿಗಳೊಂದಿಗೆ 25 ವರ್ಷಗಳಲ್ಲಿ 20,600 ಕೋಟಿ ಡಾಲರ್‌ಗಳ ಮಹಾ ಒಪ್ಪಂದ ಮಾಡಿಕೊಂಡಾಗ ‘ಟ್ರೂತ್’ ರಾಷ್ಟ್ರಮಟ್ಟಕ್ಕೆ ಏರಿತು. 2000ದಲ್ಲಿ ಯುವಕರು ನ್ಯೂಯಾರ್ಕ್‌ನಲ್ಲಿ ಫಿಲಿಪ್ ಮಾರಿಸ್ ಕೇಂದ್ರ ಕಚೇರಿಯ ಮುಂದೆ ಶವ ತುಂಬುವ 1,200 ಚೀಲಗಳನ್ನು ರಾಶಿ ಹಾಕಿದರು. ಅಮೆರಿಕದಲ್ಲಿ ತಂಬಾಕಿನಿಂದ ಪ್ರತಿದಿನ ಸಾಯುವವರ ಲೆಕ್ಕ ಅದು. 1999ರಿಂದ 2002ರವರೆಗೆ ಆ ದೇಶದ ವಿದ್ಯಾರ್ಥಿಗಳಲ್ಲಿ ಧೂಮಪಾನ ಎಷ್ಟು ಇಳಿಯಿತೋ ಅದರಲ್ಲಿ ಶೇ 22ರಷ್ಟು ಈ ಆಂದೋಲನದ ಫಲ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಇದೇ ಸಮಯಕ್ಕೆ ಫಿಲಿಪ್ ಮಾರಿಸ್ ತಾನೂ ಮಕ್ಕಳಿಗಾಗಿ ‘ಯೋಚಿಸಿ, ಸೇದಬೇಡಿ’ ಎಂಬರ್ಥದ ಜಾಹೀರಾತುಗಳನ್ನು ಪ್ರಸಾರ ಮಾಡಿತ್ತು. ಅದನ್ನು ನೋಡಿದ ಮಕ್ಕಳಲ್ಲಿ ಮುಂದೆ ಸೇದಬಹುದೆಂಬ ಒಲವು ಇಳಿಯುವ ಬದಲು ಹೆಚ್ಚೇ ಇತ್ತು ಎಂದು ಸಂಶೋಧಕರು ಕಂಡುಕೊಂಡರು. ಬೇಡ ಎನ್ನುವವರು ಯಾರು ಎಂಬುದೂ ಮಕ್ಕಳಿಗೆ ತಿಳಿಯುತ್ತದೆ.

ಹಣ ನಿಂತಾಗ

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1998ರ ಡಿಸೆಂಬರ್‌ನಲ್ಲಿ ಲಾಟನ್ ಚೈಲ್ಸ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮುಂದಿನ ವರ್ಷ ಫ್ಲೋರಿಡಾದ ಶಾಸನಸಭೆ ಈ ಕಾರ್ಯಕ್ರಮದ ಅನುದಾನವನ್ನು ಸುಮಾರು 7 ಕೋಟಿ ಡಾಲರ್‌ನಿಂದ 4 ಕೋಟಿ ಡಾಲರ್‌ಗೂ ಕಡಿಮೆಗೆ ಇಳಿಸಿತು. 2003ರ ಹೊತ್ತಿಗೆ ಉಳಿದದ್ದು 10 ಲಕ್ಷ ಡಾಲರ್ ಮಾತ್ರ. ಫಲ ಕೊಟ್ಟ ಗಿಡದ ಬುಡಕ್ಕೇ ಕೊಡಲಿ ಬಿತ್ತು.

ಇಂಥ ಕಡಿತದ ಬೆಲೆ ಏನೆಂಬುದು ಮಿನ್ನೆಸೋಟ ರಾಜ್ಯದಲ್ಲಿ ಸ್ಪಷ್ಟವಾಗಿ ಕಂಡಿತು. ಅಲ್ಲೂ ಯುವಕರೇ ನಡೆಸುತ್ತಿದ್ದ ಇಂಥದೇ ಆಂದೋಲನವಿತ್ತು. 2003ರ ನಡುವಿನಲ್ಲಿ ಅದಕ್ಕೆ ಹಣ ನಿಂತಿತು. ಮುಂದೆ ಸಿಗರೇಟು ಹಿಡಿಯುವ ಸಂಭವವಿದೆ ಎನ್ನಬಹುದಾದ 12ರಿಂದ 17 ವರ್ಷದ ಮಕ್ಕಳ ಪ್ರಮಾಣ ಆರೇ ತಿಂಗಳಲ್ಲಿ ಶೇ 43.3ರಿಂದ ಶೇ 52.9ಕ್ಕೆ ಏರಿತು. ಕಾರಣ ಊಹಿಸುವುದು ಕಷ್ಟವಲ್ಲ. ಪ್ರತಿವರ್ಷ ಹೊಸ ಮಕ್ಕಳು ಹದಿಮೂರಕ್ಕೆ ಕಾಲಿಡುತ್ತಾರೆ. ಅಣ್ಣಂದಿರು ಕಲಿತದ್ದು ತಮ್ಮಂದಿರಿಗೆ ತಾನಾಗಿ ಬರುವುದಿಲ್ಲ.

ಫ್ಲೋರಿಡಾದ ಮತದಾರರು ಮಾತ್ರ ಸುಮ್ಮನಿರಲಿಲ್ಲ. ಕಂಪನಿಗಳಿಂದ ಬರುವ ಹಣದಲ್ಲಿ ಶೇ 15ರಷ್ಟನ್ನು ತಂಬಾಕು ತಡೆಗೇ ಬಳಸಬೇಕೆಂಬ ತಿದ್ದುಪಡಿಯನ್ನು 2006ರ ನವೆಂಬರ್‌ನಲ್ಲಿ ಅವರೇ ಮತ ಹಾಕಿ ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ‘ಸ್ವಾಟ್’ ಮತ್ತೆ ಉಸಿರಾಡಿತು.

ವೇಷ ಬದಲಿಸಿದ ನಿಕೋಟಿನ್

1997ರಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶೇ 36.4ರಷ್ಟು ಮಂದಿ ಸಿಗರೇಟು ಸೇದುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು ಶೇ 2ಕ್ಕೂ ಕಡಿಮೆ. ಬೆಲೆ ಏರಿಕೆ, ಕಾನೂನು, ಯುವಕರ ಆಂದೋಲನ ಎಲ್ಲವೂ ಸೇರಿ ಆದ ಕೆಲಸ ಇದು. ಆದರೆ ಅಷ್ಟರಲ್ಲಿ ನಿಕೋಟಿನ್ ಬೇರೆ ವೇಷ ಧರಿಸಿತ್ತು. ಪೆನ್‌ಡ್ರೈವ್‌ನಂತೆ ಕಾಣುವ, ಮಾವು, ಪುದೀನದ ಸವಿ ಬೆರೆಸಿದ ಇ-ಸಿಗರೇಟು ಶಾಲಾ ಚೀಲಗಳಿಗೆ ನುಗ್ಗಿತು. ಪ್ರೌಢಶಾಲೆಗಳಲ್ಲಿ ಅದನ್ನು ಬಳಸುವವರು 2011ರಲ್ಲಿ ಶೇ 1.5 ಇದ್ದದ್ದು 2019ರಲ್ಲಿ ಶೇ 27.5 ಆಯಿತು. ಆ ವರ್ಷ ನ್ಯೂಯಾರ್ಕ್‌ನ ಇಬ್ಬರು ಪ್ರೌಢಶಾಲಾ ಹುಡುಗರು ಸಂಸತ್ತಿನ ಉಪಸಮಿತಿಯ ಮುಂದೆ ಕೂತು, ಇ-ಸಿಗರೇಟು ಕಂಪನಿಯ ಪರವಾಗಿ ಬಂದವರು ತಮ್ಮ ತರಗತಿಯಲ್ಲೇ ಏನು ಹೇಳಿದರು ಎಂಬುದನ್ನು ಸಾಕ್ಷಿ ನುಡಿದರು. 1994ರಲ್ಲಿ ಕಂಪನಿಗಳ ಮುಖ್ಯಸ್ಥರು ಸಂಸತ್ತಿನಲ್ಲಿ ಪ್ರಮಾಣ ಮಾಡಿದ್ದರು. ಈ ಸಲ ಪ್ರಮಾಣ ಮಾಡುವ ಸರದಿ ಹುಡುಗರದು. 2019ರ ಕೊನೆಗೆ ಆ ದೇಶ ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿತು. 2024ರಲ್ಲಿ ಪ್ರೌಢಶಾಲೆಗಳಲ್ಲಿ ಇ-ಸಿಗರೇಟು ಬಳಕೆ ಶೇ 7.8ಕ್ಕೆ ಇಳಿದಿತ್ತು.

ನಮ್ಮ ಅಂಗಳದಲ್ಲಿ

ಹಾಗಾದರೆ ನಮ್ಮಲ್ಲಿ? ದೆಹಲಿ ಮತ್ತು ಚೆನ್ನೈಗಳ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ‘ಮೈತ್ರಿ’ ಎಂಬ ಪ್ರಯೋಗ ನಡೆಯಿತು. ದೆಹಲಿಯ ‘ಹೃದಯ್’ ಸಂಸ್ಥೆ ಅದರ ಹಿಂದಿತ್ತು. ಆರಂಭದ ಸಮೀಕ್ಷೆಯಲ್ಲೇ ಸಂಶೋಧಕರಿಗೆ ಆಘಾತ ಕಾದಿತ್ತು. ಎಂಟನೆಯ ತರಗತಿಯವರಿಗಿಂತ ಆರನೆಯ ತರಗತಿಯ ಮಕ್ಕಳಲ್ಲೇ ತಂಬಾಕು ಬಳಕೆ ಹೆಚ್ಚಾಗಿತ್ತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳು ತಮ್ಮೊಳಗಿಂದಲೇ ನಾಯಕರನ್ನು ಆರಿಸಿಕೊಂಡು, ಆಟ, ಚರ್ಚೆ, ಭಿತ್ತಿಚಿತ್ರಗಳನ್ನು ಆ ನಾಯಕರೇ ನಡೆಸಿದರು. ಎರಡು ವರ್ಷದ ಬಳಿಕ ಈ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 17ರಷ್ಟು ಇಳಿದಿತ್ತು. ಕಾರ್ಯಕ್ರಮ ನಡೆಯದ ಶಾಲೆಗಳಲ್ಲಿ ಅದು ಶೇ 68ರಷ್ಟು ಏರಿತ್ತು. ಅಂದರೆ ಈ ಪಾಠ ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ.

ಕಾನೂನುಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. 2003ರ ಕೇಂದ್ರ ಕಾಯ್ದೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. 2019ರಲ್ಲಿ ದೇಶಾದ್ಯಂತ ಇ-ಸಿಗರೇಟು ನಿಷೇಧವಾಯಿತು. ರಾಜ್ಯ ಶಾಸನಸಭೆ 2024ರಲ್ಲಿ ಅಂಗೀಕರಿಸಿದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, ತಂಬಾಕು ಖರೀದಿಯ ವಯಸ್ಸು 18ರಿಂದ 21ಕ್ಕೆ ಏರಿದೆ, ಹುಕ್ಕಾ ಬಾರ್‌ಗಳು ಬಂದಾಗಿವೆ. ಇಷ್ಟಿದ್ದೂ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ 8.5ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ಅದೇ ವರ್ಷ ಹೊರಬಂದ ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳ ಮಾರ್ಗಸೂಚಿ ವಿದ್ಯಾರ್ಥಿಗಳನ್ನೂ ‘ತಂಬಾಕು ಮಾನಿಟರ್’ಗಳಾಗಿ ನೇಮಿಸಲು ಅವಕಾಶ ಕೊಟ್ಟಿದೆ. ಆದರೆ ಮಾನಿಟರ್ ಎಂದರೆ ನಮ್ಮ ಶಾಲೆಗಳಲ್ಲಿ ಮಾತಾಡಿದವರ ಹೆಸರು ಬರೆದು ಮೇಷ್ಟ್ರಿಗೆ ಒಪ್ಪಿಸುವವನು. ಆ ಕೆಲಸಕ್ಕೂ ಮುಂದಾಳತ್ವಕ್ಕೂ ಬಹಳ ದೂರ.

ಫ್ಲೋರಿಡಾದ ದಾರಿಯನ್ನು ಇದ್ದಂತೆಯೇ ಇಲ್ಲಿಗೆ ತರುವುದೂ ಆಗದ ಮಾತು. ಅಲ್ಲಿ ಎದುರಾಳಿ ದೂರದ ಗಾಜಿನ ಕಟ್ಟಡದಲ್ಲಿದ್ದ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆದ ಹಣದಲ್ಲೇ ಮಗುವಿನ ಶಾಲಾ ಶುಲ್ಕ ಕಟ್ಟಿರಬಹುದು. ಕರಾವಳಿಯಲ್ಲಿ ಅಮ್ಮ ಸುತ್ತಿದ ಬೀಡಿಯಿಂದಲೇ ಪುಸ್ತಕ ಬಂದಿರಬಹುದು. ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಆ ಅಭ್ಯಾಸ ಅಜ್ಜಿಯ ಎಲೆಯಡಿಕೆ ಚೀಲದಲ್ಲೂ ಇದೆ. ಇಂಥ ಮನೆಯ ಮಗುವಿನ ಕೈಗೆ ‘ತಂಬಾಕು ವಿಷ’ ಎಂಬ ಫಲಕ ಕೊಟ್ಟರೆ ಅದು ಯಾರ ವಿರುದ್ಧ ಹಿಡಿದಂತೆ?

ಆದರೆ ಆ ಮಗುವಿಗೆ ಗೊತ್ತಿರುವುದು ಇಲಾಖೆಯ ಫಲಕಕ್ಕೆ ಗೊತ್ತಿಲ್ಲ. ಹಸಿ ಎಲೆ ಬಿಡಿಸಿ ಬಂದ ದಿನ ಅಪ್ಪನಿಗೆ ಯಾಕೆ ತಲೆ ಸುತ್ತಿ ವಾಂತಿಯಾಗುತ್ತದೆ, ದಿನವಿಡೀ ಬೀಡಿ ಸುತ್ತಿದ ಅಮ್ಮನಿಗೆ ಕೆಮ್ಮು ಯಾಕೆ, ಬೆಳೆದವನಿಗೆ ಸಿಗುವ ಬೆಲೆ ಎಷ್ಟು, ಡಬ್ಬಿಯ ಮೇಲೆ ಬರೆದ ಬೆಲೆ ಎಷ್ಟು, ಶಾಲೆಯ ಹಿಂದಿನ ಯಾವ ಗೂಡಂಗಡಿಯಲ್ಲಿ ವಯಸ್ಸು ಕೇಳದೆ ಕೊಡುತ್ತಾರೆ, ಇದೆಲ್ಲ ಮಕ್ಕಳಿಗೆ ತಿಳಿದೇ ಇದೆ. ಆರು ನೂರು ಮಕ್ಕಳನ್ನು ಕೂರಿಸಿ ಫ್ಲೋರಿಡಾ ಕೇಳಿಸಿಕೊಂಡದ್ದು ಇಂಥ ಮಾತುಗಳನ್ನೇ.

ಗುಲಾಬಿ ಕೊಡುವುದು ಬೇಡವೆಂದಲ್ಲ. ಬೈಗುಳಕ್ಕಿಂತ ಹೂವು ಸಾವಿರ ಪಾಲು ಮೇಲು. ಸೇದುವವರನ್ನು ಹೀಗಳೆಯದೆ ಮಾತಾಡಿಸುವ ಗುಣ ಅದರಲ್ಲೂ ಇದೆ. ಆದರೆ ಮುಂದಿನ ಜಾಥಾಕ್ಕೆ ಒಂದು ವಾರ ಮೊದಲು ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು, ಈ ಸಲ ಯಾರ ಬಳಿ ಹೋಗೋಣ, ಏನು ಹೇಳೋಣ ಎಂದು ಕೇಳಿ ನೋಡಲಿ. ಬರುವ ಉತ್ತರ ದೊಡ್ಡವರಿಗೆ ಹಿತವಾಗದೆ ಇರಬಹುದು. ಹೂವು ಎಲ್ಲಿಗೆ ಹೋಗಬೇಕೆಂದು ಮಕ್ಕಳೇ ಹೇಳಿದ ದಿನ ಎರಡು ಕಾಲಂ ಸುದ್ದಿ ಸಾಲದು. ಇನ್ನಷ್ಟು ಜಾಗ ಕೇಳಲು ನಾನು ಸಿದ್ಧ.